ಕಟ್ಟೆ ಮೇಲೆ ಕೂತ ವಾಷಿಂಗ್ ಮಷೀನ್

ಫ್ರಂಟ್ ಲೋಡ್ ಮಷೀನನ್ನು ಕಟ್ಟೆ ಮೇಲೆ ಕೂರಿಸಬೇಡಿ, ಸ್ಪಿನ್‌ಗೆ ಬಂದಾಗ ಕುಣಿದು ಕೆಳಗೆ ಬೀಳುತ್ತೆ ಅಂತ ಮೇಸ್ತ್ರಿ ಹೇಳಿದರು. ಪ್ಲಂಬರ್ ಹೇಳಿದರು. ನಮ್ಮ ಭಾವ ಅಂತೂ ಹಾಗೆ ಬಿದ್ದ ಮಷೀನ್‌ಗಳ ವೀಡಿಯೊಗಳನ್ನೇ ಹುಡುಕಿ ತೋರಿಸಿದರು. ಈಗ ವರ್ಷದ ಮೇಲಾಯಿತು. 35 ಸೆಂ.ಮೀ. ಎತ್ತರದ ಕಟ್ಟೆ, ಅದರ ಮೇಲೆ 8 ಕೆ.ಜಿ. ಮಷೀನ್, ನಿಮಿಷಕ್ಕೆ 1400 ಸುತ್ತಿನ ಸ್ಪಿನ್. ಕೂರಿಸಿದ ದಿನ ನಾಲ್ಕೂ ಕಾಲಿನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ಕಾಲು ಇವತ್ತಿಗೂ ಗೆರೆ ಒಳಗೇ ಇದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಟ್ಟೆ ಯಾಕೆ ಬೇಕಾಗಿತ್ತು ಅನ್ನುವುದು ಬಗ್ಗಿ ಬಟ್ಟೆ ತೆಗೆದವರಿಗೆಲ್ಲ ಗೊತ್ತು. ಮಷೀನ್ ನೆಲದ ಮೇಲಿದ್ದರೆ ಡ್ರಮ್ಮಿನ ಬಾಯಿ ಮೊಣಕಾಲ ಹತ್ತಿರ ಬರುತ್ತೆ. ಒದ್ದೆ ಬೆಡ್‌ಶೀಟ್ ಎಳೆಯುವಾಗ ಸೊಂಟ ಹಿಡಿಯುತ್ತೆ. 35 ಸೆಂ.ಮೀ. ಮೇಲೆತ್ತಿದರೆ ಬಾಯಿಯ ಕೆಳ ಅಂಚು ಹತ್ತಿರ ಹತ್ತಿರ 70 ಸೆಂ.ಮೀ.ಗೆ ಬರುತ್ತೆ. ಬುಟ್ಟಿಯನ್ನು ಒಂದು ಸ್ಟೂಲ್ ಮೇಲಿಟ್ಟು ಬಟ್ಟೆ ಸುಮ್ನೆ ಜಾರಿಸಿದರೆ ಸಾಕು. 50 ಸೆಂ.ಮೀ. ಎತ್ತರವನ್ನೂ ರಟ್ಟಿನ ಪೆಟ್ಟಿಗೆ ಇಟ್ಟು ನೋಡಿದೆ. ಆಗ ಸೋಪಿನ ಡ್ರಾಯರ್ ಗದ್ದದ ಹತ್ತಿರ ಬಂತು. ನಮ್ಮಮ್ಮ ಒಂದೇ ಮಾತಲ್ಲಿ ಬೇಡ ಅಂದರು.

ನಮ್ಮ ಕೋಣೆ ಚಿಕ್ಕದು. ಒಂದೂಮುಕ್ಕಾಲು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದ. ಮೊದಲು ಅಲ್ಲಿ ಮಷೀನ್, ಪೊರಕೆ, ಹಳೇ ಪೇಂಟ್ ಡಬ್ಬಿ ಎಲ್ಲ ಒಟ್ಟಿಗೇ ಇದ್ದವು. ಹೊಸದು ಮಾಡಿಸೋಣ ಅಂದಾಗ ಕಂಟ್ರಾಕ್ಟರ್ ಮೊದಲು ತೋರಿಸಿದ್ದೇ ಕಪಾಟಿನ ಬಣ್ಣ. ಅವರ ಅಂದಾಜಿನಲ್ಲಿ ನೂರಕ್ಕೆ ಐವತ್ತಕ್ಕಿಂತ ಜಾಸ್ತಿ ದುಡ್ಡು ಕಪಾಟು ಮತ್ತು ಟೈಲ್ಸ್‌ಗೇ ಹೋಗಿತ್ತು. ಡ್ರೈನ್‌ಗೆ ಒಂದು ಸಾಲು, ಅಷ್ಟೇ. ನಾನು ಆ ಕಾಗದವನ್ನು ತಲೆಕೆಳಗು ಮಾಡಿದೆ. ಮೊದಲು ನೀರು ಹೋಗುವ ದಾರಿ, ಆಮೇಲೆ ಕಟ್ಟೆ, ಆಮೇಲೆ ಒದ್ದೆ ಬಟ್ಟೆ ಒಣಗುವ ಜಾಗ. ಕಪಾಟು ಉಳಿದ ದುಡ್ಡಿನಲ್ಲಿ. ಕಂಟ್ರಾಕ್ಟರ್ ಮುಖ ಸಣ್ಣಗಾಯಿತು. ಆದರೂ ಒಪ್ಪಿದರು.

ಕಟ್ಟೆ ಒಂದೇ ಸಲಕ್ಕೆ ಬಂದಿದ್ದಲ್ಲ. ಮೊದಲು ಹಳೇ ಕೋಣೆಯಲ್ಲೇ ಕಬ್ಬಿಣದ ಆಂಗಲ್ ಬೆಸೆದು ಸ್ಟ್ಯಾಂಡ್ ಮಾಡಿಸಿ ನೋಡಿದ್ದೆ. ನೋಡಲು ಗಟ್ಟಿಮುಟ್ಟು, ಮೇಲೆ ನಿಂತು ಕುಣಿದರೂ ಅಲ್ಲಾಡುತ್ತಿರಲಿಲ್ಲ. ಮಷೀನ್ ಸಾವಿರದ ಸ್ಪಿನ್‌ಗೆ ಹೋದ ಕೂಡಲೇ ಅದರ ನಿಜ ಬಣ್ಣ ಬಯಲಾಯಿತು. ಸ್ಟ್ಯಾಂಡೇ ಒಂದು ಗೇಣು ಮುಂದೆ ನಡೆದು ಬಂತು. ಕಾಲಿಗೆ ಅಡ್ಡಪಟ್ಟಿ ಕೊಟ್ಟು ಇನ್ನೊಮ್ಮೆ ಬೆಸೆಸಿದೆ. ನಡಿಗೆ ಕಡಿಮೆಯಾಯಿತು, ಸದ್ದು ಜಾಸ್ತಿಯಾಯಿತು. ಆ ಸ್ಟ್ಯಾಂಡ್ ಈಗ ಹೂಕುಂಡ ಹೊತ್ತುಕೊಂಡು ಹೊರಗಿದೆ.

ಎರಡನೆಯದು ಮೇಸ್ತ್ರಿಯ ಐಡಿಯಾ. ಎರಡು ಪುಟ್ಟ ಇಟ್ಟಿಗೆ ಗೋಡೆ, ಮೇಲೆ ಒಂದು ಗ್ರಾನೈಟ್ ಚಪ್ಪಡಿ. ಕೆಳಗೆ ಬುಟ್ಟಿ ಇಡಲು ಜಾಗವೂ ಸಿಗುತ್ತೆ ಅಂತ ಆಸೆ ತೋರಿಸಿದರು. ಸಿಮೆಂಟ್ ಒಣಗುವವರೆಗೆ ಕಾದು, ಮಷೀನ್ ಎತ್ತಿಟ್ಟು ಓಡಿಸಿದೆವು. ಮಷೀನ್ ನಡೆಯಲಿಲ್ಲ, ನಿಜ. ಆದರೆ ಪಕ್ಕದ ರೂಮಿನ ಗೋಡೆ ಗುಂಯ್‌ಗುಟ್ಟಿತು. ಸ್ಪಿನ್ ಏರುವಾಗ ಒಂದು ಹಂತದಲ್ಲಿ ಚಪ್ಪಡಿ ಮೇಲೆ ಕೈ ಇಟ್ಟರೆ ಬೆರಳು ಜುಮ್ಮೆನ್ನುತ್ತಿತ್ತು. 1200ರ ಸ್ಪಿನ್ ಅಂದರೆ ಸೆಕೆಂಡಿಗೆ 20 ಸುತ್ತು. ಅಡಿಯಲ್ಲಿ ಪೊಳ್ಳು ಇದ್ದರೆ ಅದು ತಮಟೆ ಆಗದೆ ಇನ್ನೇನಾಗುತ್ತೆ? ಒಡೆಸಿದೆ. ಕಟ್ಟಿದ ಕೂಲಿ, ಒಡೆದ ಕೂಲಿ ಎರಡೂ ನಮ್ಮದೇ.

ಮೂರನೆಯದೇ ಈಗಿರುವುದು. ಪೂರ್ತಿ ಘನ. ಒಳಗೆ ಒಂದಿಷ್ಟೂ ಪೊಳ್ಳಿಲ್ಲ. 70 ಸೆಂ.ಮೀ. ಅಗಲ, 75 ಸೆಂ.ಮೀ. ಆಳ. ಹಳೇ ಟೈಲ್ ಮೇಲೆ ಕಟ್ಟಲಿಲ್ಲ. ಟೈಲ್ ತೆಗೆಸಿ, ಕೆಳಗಿನ ಕಾಂಕ್ರೀಟ್‌ಗೆ ಕಚ್ಚು ಹೊಡೆಸಿ, ಅಲ್ಲಲ್ಲಿ ತೂತು ಕೊರೆದು ಕಬ್ಬಿಣದ ತುಂಡು ನೆಟ್ಟು, ಅದರ ಮೇಲೆ ಕಾಂಕ್ರೀಟ್ ತುಂಬಿಸಿದೆ. ಅಂದರೆ ಕಟ್ಟೆ ನೆಲದ ಮೇಲೆ ಕೂತಿಲ್ಲ, ನೆಲದಿಂದಲೇ ಎದ್ದಿದೆ. ವಾರವಿಡೀ ಗೋಣಿಚೀಲ ಹೊದಿಸಿ ನೀರುಣಿಸಿದೆ. 28 ದಿನ ಆಗುವ ತನಕ ಮಷೀನ್ ಹತ್ತಿಸಲಿಲ್ಲ. ಅಷ್ಟೂ ದಿನ ಬಟ್ಟೆ ಕೈಯಲ್ಲೇ. ಮನೆಯವರ ಬೈಗುಳ ಬೇರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಷ್ಟು ಕಾಂಕ್ರೀಟ್‌ನ ತೂಕ ಲೆಕ್ಕ ಹಾಕಿ: 0.7 × 0.75 × 0.35, ಅದಕ್ಕೆ ಘನ ಮೀಟರ್‌ಗೆ 2400 ಕೆ.ಜಿ. ಸುಮಾರು 440 ಕೆ.ಜಿ. ಬರುತ್ತೆ. ಮೇಲೆ ಮಷೀನ್ ಎಪ್ಪತ್ತು ಚಿಲ್ಲರೆ. ನಮ್ಮದು ನೆಲಮಹಡಿ, ಕೆಳಗೆ ಮಣ್ಣು. ಮೇಲಿನ ಮಹಡಿಯಲ್ಲಿ ಇದನ್ನು ಕಣ್ಣುಮುಚ್ಚಿ ಮಾಡಬೇಡಿ. ಸ್ಲ್ಯಾಬ್ ಗೊತ್ತಿರುವ ಇಂಜಿನಿಯರ್ ಒಪ್ಪದಿದ್ದರೆ ಮಷೀನ್ ನೆಲದಲ್ಲೇ ಇರಲಿ.

ಕಟ್ಟೆಯ ಮೇಲ್ಭಾಗ ಸಪಾಟಾಗಿದೆ, ಆದರೆ ಸುತ್ತ ಎರಡೂವರೆ ಸೆಂ.ಮೀ. ಎತ್ತರದ ಅಂಚು ಎತ್ತಿಸಿದ್ದೇನೆ. ಒಂಥರಾ ತಟ್ಟೆ. ಹಿಂಬದಿ ಮೂಲೆಯಿಂದ ಒಂದು ಸಣ್ಣ ಪೈಪ್ ನೆಲದ ಜಾಲಿಯ ಪಕ್ಕಕ್ಕೆ ಇಳಿಯುತ್ತೆ. ಇದರಿಂದ ಎರಡು ಲಾಭ. ಅಕಸ್ಮಾತ್ ಮಷೀನ್ ಜರುಗಿದರೂ ಅಂಚು ತಡೆಯುತ್ತೆ. ಹೋಸ್ ಎಲ್ಲಾದರೂ ಸೋರಿದರೆ ಮಷೀನ್ ಅಡಿಯಲ್ಲೇ ತಿಂಗಳುಗಟ್ಟಲೆ ಕೊಳೆಯುವುದಿಲ್ಲ, ಹನಿ ಹನಿಯಾಗಿ ಕಣ್ಣಿಗೆ ಬೀಳುತ್ತೆ. ಆ ಪೈಪನ್ನು ಜಾಲಿಯ ಒಳಗೆ ಸೇರಿಸಬೇಡಿ, ಹೊರಗೆ ಕಾಣುವಂತೆ ಬಿಡಿ. ಮೂರನೇ ತಿಂಗಳೋ ನಾಲ್ಕನೆಯದೋ ಇನ್‌ಲೆಟ್ ಹೋಸ್‌ನ ವಾಷರ್ ಸವೆದು ತೊಟ್ಟಿಕ್ಕಿದಾಗ ಅದೇ ಪೈಪ್ ಬಾಯಿಯಲ್ಲಿ ಗೊತ್ತಾಯಿತು.

ಮಷೀನ್ ಕೂರಿಸುವ ಕ್ರಮ ನಿಮಗೆ ಗೊತ್ತಿರುವುದೇ. ಸಾಗಿಸುವಾಗ ಡ್ರಮ್ ಅಲುಗದಿರಲಿ ಅಂತ ಹಿಂದೆ ಹಾಕಿರುವ ಟ್ರಾನ್ಸಿಟ್ ಬೋಲ್ಟ್ ತೆಗೆದಿರಬೇಕು, ರಸಮಟ್ಟ ಎರಡೂ ದಿಕ್ಕಿಗೆ ಇಟ್ಟು ನೋಡಬೇಕು, ಮೂಲೆಯಿಂದ ಮೂಲೆಗೆ ಒತ್ತಿದರೆ ಅಲುಗಬಾರದು. ಬಹಳ ಜನ ಬಿಡುವುದು ಲಾಕ್ ನಟ್. ಕಾಲಿನ ಎತ್ತರ ಸರಿಮಾಡಿದ ಮೇಲೆ ಆ ನಟ್ಟನ್ನು ಮೇಲಕ್ಕೆ, ಮಷೀನ್ ತಳಕ್ಕೆ ಅಪ್ಪುವಂತೆ ಬಿಗಿ ಮಾಡಬೇಕು. ಸರ್ವಿಸ್‌ಗೆ ಬಂದ ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ. ಸ್ಪ್ಯಾನರ್ ಹಾಕಿ ನಟ್ಟನ್ನು ಕಾಲುಭಾಗ ಸುತ್ತು ತಿರುಗಿಸಿದೆ, ಅರ್ಧ ಅಲುಗಾಟ ಅಲ್ಲೇ ನಿಂತಿತು.

ಕಾಲಿನ ಕೆಳಗೆ ಏನಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಏನು ಇಡಬಾರದು ಅಂತ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಮೆತ್ತನೆ ದಪ್ಪ ಪ್ಯಾಡ್ ಇಟ್ಟೆ, ಮಷೀನ್ ತೂಗಾಡಿತು. ಟೆನ್ನಿಸ್ ಚೆಂಡು ಅರ್ಧ ಕೊಯ್ದು ಇಟ್ಟೆ, ಇನ್ನೂ ಕೆಟ್ಟದಾಯಿತು, ಒಂದು ಚೆಂಡು ಸಿಡಿದು ಬಾಗಿಲಾಚೆ ಹೋಯಿತು. ವ್ಯಾಯಾಮದ ಚಾಪೆಯ ತುಂಡು ಒಂದು ವಾರ ಚೆನ್ನಾಗಿತ್ತು, ಆಮೇಲೆ ಒಂದು ಕಡೆ ಕುಸಿದು ಮಟ್ಟ ತಪ್ಪಿತು. ತೆಳುವಾದ, ಗಟ್ಟಿಯಾದ ರಬ್ಬರೇ ಬೇಕು ಅನ್ನುವಷ್ಟು ಹೇಳಬಲ್ಲೆ. ಯಾವ ರಬ್ಬರ್, ಎಲ್ಲಿಂದ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಭಾವನಿಗೂ ಹೇಳಿಲ್ಲ!

ಈಗ ಡ್ರೈನ್. ದುಡ್ಡು ಹೆಚ್ಚು ತಿಂದಿದ್ದು ಇದೇ.

ಹಳೇ ಕೋಣೆಯಲ್ಲಿ ಮಷೀನ್ ನೀರು ಬಿಟ್ಟಾಗಲೆಲ್ಲ ನೆಲದ ಜಾಲಿಯಿಂದ ನೊರೆ ಉಕ್ಕುತ್ತಿತ್ತು. ಸೋಪು ಜಾಸ್ತಿ ಅಂದರು, ಕಡಿಮೆ ಮಾಡಿದೆವು. ಲಿಕ್ವಿಡ್‌ಗೆ ಬದಲಾಯಿಸಿದೆವು. ಪೈಪ್ ಕ್ಲೀನ್ ಮಾಡಿಸಿದೆವು. ನೊರೆ ಬರುತ್ತಲೇ ಇತ್ತು. ನೆಲ ಒಡೆದಾಗ ಕಾರಣ ಕಂಡಿತು. ಮಷೀನ್ ಪೈಪನ್ನು ಜಾಲಿಯ ಕೆಳಗೆ ವಾಸನೆ ತಡೆಯಲು ನೀರು ನಿಲ್ಲುವ ಟ್ರ್ಯಾಪ್‌ಗೇ ತಂದು ಸೇರಿಸಿದ್ದರು, ಅದೂ ನೇರ 90 ಡಿಗ್ರಿ ತಿರುವಿನಲ್ಲಿ. ಮಷೀನಿನ ಪಂಪ್ ನಿಮಿಷಕ್ಕೆ ಹದಿನೈದಿಪ್ಪತ್ತು ಲೀಟರ್ ತಳ್ಳುತ್ತೆ. ಆ ಟ್ರ್ಯಾಪ್ ಅಷ್ಟನ್ನು ಒಮ್ಮೆಗೇ ನುಂಗುವುದಿಲ್ಲ. ಮೇಲೆ ಬರದೆ ಎಲ್ಲಿಗೆ ಹೋಗಬೇಕು?

ಹೊಸದರಲ್ಲಿ ಮಷೀನ್‌ಗೆ ಬೇರೆಯದೇ 50 ಮಿ.ಮೀ. ಪೈಪ್, ಅದಕ್ಕೆ ತನ್ನದೇ ಟ್ರ್ಯಾಪ್. ಅದು ನೆಲದ ಜಾಲಿಯ ಲೈನನ್ನು ಕೋಣೆ ಒಳಗೆ ಮುಟ್ಟುವುದೇ ಇಲ್ಲ, ಹೊರಗಿನ ಚೇಂಬರ್‌ನಲ್ಲೇ ಸೇರುತ್ತೆ. ತಿರುವು ಬಂದ ಕಡೆ ಎರಡು 45 ಡಿಗ್ರಿ ಬೆಂಡ್. ಒಂದು ಕಡೆ ಬಿಚ್ಚುವ ಮುಚ್ಚಳ, ಕಟ್ಟಿಕೊಂಡರೆ ಕಂಬಿ ಹಾಕಲು. ಇದಕ್ಕಾಗಿ ಗೋಡೆ ಕೊರೆಯಬೇಕಾಯಿತು, ಹೊರಗಿನ ನೆಲವನ್ನೂ ಒಂದಿಷ್ಟು ಅಗೆಯಬೇಕಾಯಿತು. ಟೈಲ್ ಹಾಕುವ ಮೊದಲು ನನ್ನ ಪರೀಕ್ಷೆ: 20 ಲೀಟರ್ ಬಕೆಟ್ ತುಂಬಿ, ನಿಂತ ಪೈಪಿಗೆ ಆಲಿಕೆ ಇಟ್ಟು, ಒಂದೇ ನಿಮಿಷದಲ್ಲಿ ಪೂರ್ತಿ ಸುರಿಯುವುದು. ಆಲಿಕೆ ಉಕ್ಕಿದರೆ ಕೆಲಸ ಸರಿಯಿಲ್ಲ. ಮೊದಲ ಸಲ ಉಕ್ಕಿತು. ಒಳಗೆ ಸಿಮೆಂಟ್ ಗಟ್ಟಿಯಾಗಿ ಅರ್ಧ ಪೈಪ್ ಮುಚ್ಚಿತ್ತು. ಟೈಲ್ ಹಾಕಿದ ಮೇಲೆ ಗೊತ್ತಾಗಿದ್ದರೆ ಕಥೆ ಮುಗಿಯುತ್ತಿತ್ತು.

ಕಟ್ಟೆ ಕಟ್ಟುವವರೆಲ್ಲ ಎಡವುವ ಜಾಗ ಇನ್ನೊಂದಿದೆ. ಡ್ರೈನ್ ಪೈಪಿನ ಬಾಯಿ ಎಷ್ಟು ಎತ್ತರ ಇರಬೇಕು ಅನ್ನುವುದನ್ನು ಮಷೀನಿನ ಕಾಲಿನಿಂದ ಅಳೆಯಬೇಕು, ನೆಲದಿಂದಲ್ಲ. ಸಾಮಾನ್ಯವಾಗಿ 60ರಿಂದ 90 ಸೆಂ.ಮೀ. ಅನ್ನುತ್ತಾರೆ, ನಿಮ್ಮ ಮಷೀನಿನ ಪುಸ್ತಕ ನೋಡಿ. ನಾನು ಗೋಡೆ ಮೇಲೆ ಚಾಕ್‌ನಲ್ಲಿ ಬರೆದೇ ಇಟ್ಟಿದ್ದೆ, ಕಟ್ಟೆಯಿಂದ 65 ಅಂತ. ಪ್ಲಂಬರ್ ರೂಢಿಯಂತೆ ನೆಲದಿಂದ 65 ಅಳೆದು ಪೈಪ್ ಕೂರಿಸಿ ಹೋದರು. ಅಂದರೆ ಮಷೀನಿನ ಕಾಲಿನಿಂದ ಬರೀ 30. ಮಷೀನ್ ಹಾಕಿದರೆ ನೀರು ತುಂಬುತ್ತಲೇ ಇದೆ, ಒಳಗೆ ಮಟ್ಟ ಏರುತ್ತಲೇ ಇಲ್ಲ. ತುಂಬಿದ್ದೆಲ್ಲ ಹೋಸ್ ಮೂಲಕ ತಾನಾಗಿ ಹೊರಗೆ ಹರಿದುಹೋಗುತ್ತಿತ್ತು. ಮಷೀನ್ ಕೆಟ್ಟಿದೆ ಅಂದರು ಅವರು. ನಾನು ಹೋಸನ್ನು ಕೈಯಲ್ಲಿ ಎತ್ತಿ ಹಿಡಿದೆ, ನೀರು ನಿಂತಿತು. ಮಾತು ಮುಗಿಯಿತು. ನಾಲ್ಕು ಟೈಲ್ ಒಡೆದು ಪೈಪ್ ಎತ್ತರಿಸಬೇಕಾಯಿತು. ಟೈಲಿನ ದುಡ್ಡು ಅವರು ಕೊಟ್ಟರು, ಕೂಲಿ ನಾನು ಕೊಟ್ಟೆ. ಹೋಸನ್ನು ಪೈಪ್ ಒಳಗೆ ಒಂದು ಗೇಣಿಗಿಂತ ಜಾಸ್ತಿ ಇಳಿಸಬೇಡಿ. ಬಾಯಿಗೆ ಟೇಪ್ ಸುತ್ತಿ ಗಾಳಿಯಾಡದಂತೆ ಮುಚ್ಚಲೂಬೇಡಿ, ಅದೂ ಹಾಗೇ ಮಷೀನಿನ ನೀರನ್ನು ಎಳೆಯುತ್ತೆ.

ಎತ್ತರಕ್ಕೆ ನೀರು ಏರುವುದಿಲ್ಲ ಅಂತಲೂ ಒಬ್ಬರು ಹೆದರಿಸಿದ್ದರು. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಬಾರ್ ಒತ್ತಡ. 35 ಸೆಂ.ಮೀ. ಏರಿಸಿದರೆ ಕಳೆಯುವುದು 0.035 ಬಾರ್. ಟ್ಯಾಂಕ್ ತೀರಾ ತಗ್ಗಿನಲ್ಲಿದ್ದರೆ ಮಷೀನ್ ನೆಲದ ಮೇಲಿದ್ದರೂ ತಕರಾರು ಮಾಡುತ್ತೆ, ಅದಕ್ಕೆ ಕಟ್ಟೆಯನ್ನು ದೂರಬೇಡಿ. ನಲ್ಲಿಯನ್ನು ಮಾತ್ರ ಮಷೀನ್ ಹಿಂದೆ ಇಡಿಸಬೇಡಿ. ನಮ್ಮದು ಪಕ್ಕದ ಸಿಂಕ್ ಕೆಳಗಿದೆ, ಬಾಗಿಲು ತೆಗೆದು ಕೈ ಹಾಕಿದರೆ ಸಿಗುತ್ತೆ.

ವಾಟರ್‌ಪ್ರೂಫಿಂಗ್ ಗೋಡೆ ಮೇಲೆ 30 ಸೆಂ.ಮೀ. ತನಕ, ಕಟ್ಟೆಗೂ ಸೇರಿಸಿ. ಆಮೇಲೆ ಜಾಲಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿದೆ. ನೆಲದ ವಾಟ ಮೀಟರಿಗೆ ಒಂದು ಸೆಂ.ಮೀ. ಅದಕ್ಕಿಂತ ಜಾಸ್ತಿ ಕೊಟ್ಟರೆ ಸ್ಟೂಲ್ ಕೂಡ ಸರಿಯಾಗಿ ನಿಲ್ಲುವುದಿಲ್ಲ. ಕರೆಂಟ್ ವಿಷಯ ಚಿಕ್ಕದು. ಬಿಸಿನೀರಿನ ವಾಷ್‌ನಲ್ಲಿ ಹೀಟರ್ ಎರಡು ಕಿಲೋವ್ಯಾಟ್ ಹತ್ತಿರ ಎಳೆಯುತ್ತೆ. ಹಾಗಾಗಿ ಅದಕ್ಕೇ ಬೇರೆ ಲೈನ್, ಅದರದೇ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ತಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಇದರಲ್ಲಿ ಚೌಕಾಸಿ ಮಾಡಲಿಲ್ಲ. ಪ್ಲಗ್ ಪಾಯಿಂಟ್ ಕಟ್ಟೆಯ ಅಂಚಿಗಿಂತ ಸಾಕಷ್ಟು ಮೇಲೆ, ನಲ್ಲಿಯಿಂದ ದೂರ.

ಒಣಗಿಸುವ ಜಾಗದ ಬಗ್ಗೆ ಭಾವನದು ಇನ್ನೊಂದು ಅನುಮಾನ: ಮುಚ್ಚಿದ ಕೋಣೆಯಲ್ಲಿ ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತೆ. ಅದು ಗಾಳಿ ಆಡದ ಕೋಣೆಯ ಮಾತು. ಇಲ್ಲಿ ಒಂದು ಪ್ರಯೋಗ ಮಾಡಿದೆ. 5 ಕೆ.ಜಿ. ಒಣ ಟವೆಲ್ಲು ತೂಗಿ, ಒಗೆದು, ಬೇರೆ ಬೇರೆ ಸ್ಪಿನ್‌ನಲ್ಲಿ ಹಿಂಡಿಸಿ ಮತ್ತೆ ತೂಗಿದೆ. ನೆನಪಿರುವಂತೆ 800ರಲ್ಲಿ ಎಂಟೂವರೆ ಕೆ.ಜಿ. ಆಸುಪಾಸು, 1400ರಲ್ಲಿ ಏಳೂವರೆ. ಅಂದರೆ ಕೋಣೆಯ ಗಾಳಿ ಹೊರಬೇಕಾದ ನೀರಿನಲ್ಲಿ ಒಂದು ಲೀಟರ್ ಕಡಿಮೆ. ಸ್ಪಿನ್ ಬಟನ್ ಒತ್ತುವುದಕ್ಕೆ ಖರ್ಚೇನಿದೆ? ಕಟ್ಟೆ ಗಟ್ಟಿ ಇದ್ದರೆ ಮಾತ್ರ 1400 ಧೈರ್ಯವಾಗಿ ಒತ್ತಬಹುದು ಅನ್ನುವುದನ್ನೂ ಭಾವನಿಗೆ ನೆನಪಿಸಿದೆ. ರೇಷ್ಮೆ, ಉಣ್ಣೆಗೆ ಇದು ಬೇಡ.

ಉಳಿದದ್ದು ಫ್ಯಾನಿನ ಕೆಲಸ. ಕೋಣೆ ಸುಮಾರು 12 ಘನ ಮೀಟರ್. ಗಂಟೆಗೆ ಹದಿನೈದು ಸಲ ಗಾಳಿ ಬದಲಾಗಲಿ ಅಂದರೆ 180 ಘನ ಮೀಟರ್. 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕಾಯಿತು. ಆದರೆ ಮೊದಲ ವಾರ ಬಟ್ಟೆ ಒಣಗಲಿಲ್ಲ! ಬಡಗಿ ಬಾಗಿಲನ್ನು ಎಷ್ಟು ಬಿಗಿಯಾಗಿ ಕೂರಿಸಿದ್ದರು ಅಂದರೆ ಒಳಗೆ ಗಾಳಿ ಬರಲು ದಾರಿಯೇ ಇರಲಿಲ್ಲ, ಫ್ಯಾನ್ ಸುಮ್ನೆ ತಿರುಗುತ್ತಿತ್ತು. ಬಾಗಿಲ ಕೆಳಗೆ ಎರಡು ಸೆಂ.ಮೀ. ಕೊಯ್ಸಿದೆ. ಗಾಳಿ ಕೆಳಗಿಂದ ಬಂದು, ಬಟ್ಟೆ ನಡುವೆ ಹಾದು, ಎದುರು ಗೋಡೆಯ ಮೇಲ್ಭಾಗದಿಂದ ಹೊರಗೆ. ಈಗ ಸಂಜೆ ಹಾಕಿದ ಅಂಗಿಗಳು ಬೆಳಿಗ್ಗೆ ಮಡಚಲು ತಯಾರು. ಜೀನ್ಸ್‌ನ ಸೊಂಟಪಟ್ಟಿ ಮಾತ್ರ ಇನ್ನೂ ಅರ್ಧ ದಿನ ಕೇಳುತ್ತೆ. ಚಾವಣಿಯಿಂದ ರಾಟೆಯಲ್ಲಿ ಇಳಿಯುವ ಕೋಲುಗಳಿವೆ. ಕೋಲಿಂದ ಕೋಲಿಗೆ 15 ಸೆಂ.ಮೀ. ಬಿಡಿ. ಒಂದು ಕೋಲು ಜಾಸ್ತಿ ತುರುಕುವ ಆಸೆಗೆ ಹತ್ತಕ್ಕೆ ಇಳಿಸಿದರೆ ನಡುವಿನ ಬಟ್ಟೆ ಹಾಗೇ ಒದ್ದೆ ಉಳಿಯುತ್ತೆ.

ನಡುವೆ ಇನ್ನೊಂದು ಹುಚ್ಚು. ಕೊನೆಯ ಜಾಲಾಡಿದ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ತೊಳೆಯಲು ಬಳಸೋಣ ಅಂತ ಹೋಸ್‌ಗೆ ಎರಡು ದಾರಿಯ ವಾಲ್ವ್ ಹಾಕಿದೆ. ಕೈಯಲ್ಲಿ ತಿರುಗಿಸಬೇಕು, ಸರಿಯಾದ ಹೊತ್ತಿಗೆ ಅಲ್ಲಿರಬೇಕು. ಒಂದು ಸಲ ತಿರುಗಿಸಲು ಮರೆತರೆ ಡ್ರಮ್ಮಿಗೆ ಕೊಳೆನೀರೇ. ಹಿಡಿದ ನೀರು ಮಾರನೇ ದಿನಕ್ಕೆ ನಾರಲು ಶುರು. ಅವತ್ತೇ ಬಳಸುವವರಿಗೆ ಸರಿ, ನಮ್ಮಂಥ ಸೋಮಾರಿಗಳಿಗಲ್ಲ. ವಾಲ್ವ್ ಬಿಚ್ಚಿದೆ.

ದುಡ್ಡಿನ ಲೆಕ್ಕ ಅಂದಾಜಿನಲ್ಲಿ ಹೇಳುತ್ತೇನೆ. ಒಟ್ಟು ಖರ್ಚು ನೂರು ಅಂತಿಟ್ಟುಕೊಳ್ಳಿ, ಮಷೀನ್ ಬಿಟ್ಟು. ಡ್ರೈನ್, ನೀರಿನ ಲೈನ್, ವಾಟರ್‌ಪ್ರೂಫಿಂಗ್ ಸೇರಿ ನಲವತ್ತರ ಹತ್ತಿರ. ಕರೆಂಟ್ ಮತ್ತು ಫ್ಯಾನ್ ಹದಿನೈದು. ಟೈಲ್ಸ್ ಹದಿನೈದು. ಸಿಂಕ್, ಕೌಂಟರ್, ಕಪಾಟು ಇಪ್ಪತ್ತಕ್ಕೆ ಮುಗಿಯಿತು, ಯಾಕೆಂದರೆ ಕಪಾಟು ಒಂದೇ ಒಂದು, ಉಳಿದದ್ದು ತೆರೆದ ಹಲಗೆ. ಪ್ಲೈವುಡ್ ಬೇಡ ಅಂದೆ, ಪಿವಿಸಿ ಬೋರ್ಡ್ ಹಾಕಿಸಿದೆ. ಕಟ್ಟೆಗೆ ಮೂರೂ ಅವತಾರ ಸೇರಿ ಎಂಟು ಹತ್ತಾಗಿರಬಹುದು. ನೇರವಾಗಿ ಮೂರನೆಯದಕ್ಕೇ ಹೋಗುವವರಿಗೆ ಅದರಲ್ಲಿ ಅರ್ಧ. ಇದರ ಹೊರಗೆ, ಶುರುವಿನಲ್ಲೇ ನೂರಕ್ಕೆ ಹದಿನೈದರಷ್ಟು ಬೇರೆ ತೆಗೆದಿಟ್ಟಿದ್ದೆ. ನೆಲ ಒಡೆದ ಮೇಲೆ ಏನು ಸಿಗುತ್ತೋ ಯಾರಿಗೆ ಗೊತ್ತು, ಅಲ್ವಾ? ಹೊರಗಿನ ಅಗೆತಕ್ಕೆ ಅದು ಪೂರ್ತಿ ಕರಗಿತು.

ಕಟ್ಟೆಯಿಂದ ಒಂದು ನಷ್ಟವಿದೆ. ಮಷೀನ್ ತಲೆ 120 ಸೆಂ.ಮೀ.ಗೆ ಹೋಗುತ್ತೆ, ಅದರ ಮೇಲೆ ಬಟ್ಟೆ ಮಡಚಲು ಆಗುವುದಿಲ್ಲ. ಡ್ರೈಯರ್ ಅನ್ನು ಮಷೀನ್ ಮೇಲೆ ಪೇರಿಸುವುದಂತೂ ಕನಸು. 35ಕ್ಕೆ ಎರಡು 85 ಸೇರಿದರೆ ಎರಡು ಮೀಟರ್ ದಾಟುತ್ತೆ, ಬಟನ್ ಒತ್ತಲು ಏಣಿ ಬೇಕು. ಅದಕ್ಕೇ ಸಿಂಕ್ ಆಚೆಗಿನ ಕೌಂಟರನ್ನು 88 ಸೆಂ.ಮೀ.ಗೆ ಹಾಕಿಸಿದೆ. ಮಡಚಲು ಸರಿಯಾದ ಎತ್ತರ, ಕೆಳಗೆ 60 ಅಗಲ 85 ಎತ್ತರದ ಡ್ರೈಯರ್ ತೂರಿಸಬಹುದು. ಹೊರಗೆ ಕೊಳವೆ ಬೇಡದ ಹೀಟ್ ಪಂಪ್ ಡ್ರೈಯರ್ ಅಂತ ಲೆಕ್ಕ ಹಾಕಿ ಅಲ್ಲೇ ಒಂದು ಪ್ಲಗ್ ಪಾಯಿಂಟ್, ಸಿಂಕ್ ಡ್ರೈನ್‌ನಲ್ಲಿ ಒಂದು ಮುಚ್ಚಿದ ಟೀ (T ಆಕಾರದ ಪೈಪ್ ಜೋಡಣೆ) ಬಿಟ್ಟಿದ್ದೇನೆ. ಸದ್ಯಕ್ಕೆ ಆ ಜಾಗದಲ್ಲಿ ಮೂರು ಬುಟ್ಟಿಗಳಿವೆ: ಬಿಳಿ, ಬಣ್ಣ, ಟವೆಲ್ಲು. ಫ್ಯಾನ್ ಹೀಗೇ ಕೆಲಸ ಮಾಡುತ್ತಿದ್ದರೆ ಡ್ರೈಯರ್ ದುಡ್ಡು ಉಳಿದಂತೆಯೇ.